ಫ್ಯಾನನ್ನು ಗುಜರಿಗೆ ಹಾಕಬೇಡಿ, ಕರಕಲಾದ ಸಾಕೆಟ್ಟಿಗೆ ಟೇಪ್ ಸುತ್ತಬೇಡಿ

ದಾವಣಗೆರೆ ಮಹಾನಗರ ಪಾಲಿಕೆಯ ಆಯುಕ್ತರಿಗೆ, ಬೆಸ್ಕಾಂನ ದಾವಣಗೆರೆ ಅಧಿಕಾರಿಗಳಿಗೆ, ಮನೆ ಬಾಡಿಗೆಗೆ ಕೊಟ್ಟಿರುವ ಮಾಲೀಕರಿಗೆ ಮತ್ತು ನನ್ನ ಊರಿನ ಎಲ್ಲರಿಗೂ ನಮಸ್ಕಾರ.

ನಾನು ಹಳೇ ದಾವಣಗೆರೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ನಡೆಸುವ ಹೆಣ್ಣುಮಗಳು. ಅಂಗಡಿ ಶುರು ಮಾಡಿದ್ದು ನಮ್ಮಪ್ಪ. ಅವರು ಮೊದಲು ಹತ್ತಿ ಗಿರಣಿಯ ಎಲೆಕ್ಟ್ರಿಕ್ ಸೆಕ್ಷನ್ನಿನಲ್ಲಿದ್ದರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಕೈಯಲ್ಲಿದ್ದ ಕಸುಬೇ ಮನೆಗೆ ಅನ್ನ ಹಾಕಿತು. ಶಾಲೆಯಿಂದ ಬಂದವಳೇ ಅವರ ಪಕ್ಕ ಕೂತು ಕಾಯಿಲ್ ಸುತ್ತುತ್ತಿದ್ದೆ. ಈಗ ಅವರ ಸ್ಟೂಲಿನ ಮೇಲೆ ನಾನು ಕೂರುತ್ತೇನೆ.

ಯುಗಾದಿ ಹತ್ತಿರ ಬಂತು ಅಂದರೆ ನನಗೆ ಫ್ಯಾನುಗಳ ಕಾಲ. ಚಳಿಗಾಲ ಪೂರ್ತಿ ಸುಮ್ಮನೆ ನೇತಾಡಿಕೊಂಡಿದ್ದ ಫ್ಯಾನು ಸೆಕೆ ಶುರುವಾದ ದಿನವೇ ಮೊಂಡು ಹಿಡಿಯುತ್ತದೆ. ಮೊದಲೆಲ್ಲ ಈ ಹೊತ್ತಿಗೆ ಅಂಗಡಿಯಲ್ಲಿ ಕಾಲಿಡೋಕೆ ಜಾಗ ಇರುತ್ತಿರಲಿಲ್ಲ. ಈ ಸಲ ಮೂಲೆಯಲ್ಲಿ ಆರೇ ಆರು ಫ್ಯಾನಿವೆ. ಫ್ಯಾನು ಕೆಡುವುದು ಕಡಿಮೆಯಾಗಿಲ್ಲ. ಅವು ನನ್ನ ಅಂಗಡಿಗೆ ಬರದೆ ನೇರವಾಗಿ ಗುಜರಿಗೆ ಹೋಗುತ್ತಿವೆ.

ಹೋದ ವಾರ ವಿನೋಬನಗರದ ಅಜ್ಜಿಯೊಬ್ಬರು ಬಂದಿದ್ದರು. ಗೀಸರಿನ ವೈರಿಗೆ ಹಾಕಲು ತ್ರೀ ಪಿನ್ ಟಾಪ್ ಬೇಕಿತ್ತು. ಹಳೆಯದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದರು. ಬಿಚ್ಚಿ ನೋಡಿದರೆ ಒಂದು ಪಿನ್ನು ಪೂರ್ತಿ ಕಪ್ಪಾಗಿದೆ, ಸುತ್ತಲಿನ ಪ್ಲಾಸ್ಟಿಕ್ಕು ಕರಗಿ ಸೊಟ್ಟಗಾಗಿದೆ. 'ಅಜ್ಜಿ, ಟಾಪ್ ಬದಲಾಯಿಸಿದರೆ ಸಾಕಾಗಲ್ಲ, ಗೋಡೆಯಲ್ಲಿರೋ ಸಾಕೆಟ್ಟೂ ಹೋಗಿರುತ್ತೆ' ಅಂದೆ. ಅವರು, 'ಅದು ಹತ್ತು ವರ್ಷದಿಂದ ಹಂಗೇ ಐತವ್ವಾ. ಸ್ವಲ್ಪ ಒತ್ತಿ ಹಿಡಿದ್ರೆ ಬರ್ತೈತಿ. ಮಗ ಟೇಪ್ ಸುತ್ಯಾನೆ' ಅಂದರು. ಹೋಗುವಾಗ ಇನ್ನೊಂದು ಮಾತು ಹೇಳಿದರು. ಪಡಸಾಲೆಯ ಫ್ಯಾನು ನಿಧಾನ ತಿರುಗುತ್ತಿತ್ತಂತೆ. ಮಗ ಹೊಸದು ತಂದು, ಹಳೆಯದನ್ನು ತೂಕಕ್ಕೆ ಹಾಕಿದನಂತೆ.

ನಾನು ಈ ಪತ್ರ ಬರೆಯಲು ಕೂತದ್ದು ಅದೇ ರಾತ್ರಿ.

ಒಂದೇ ಮನೆ, ಒಂದೇ ತಿಂಗಳು. ನೂರೈವತ್ತು ರೂಪಾಯಿಯಲ್ಲಿ ಸರಿಹೋಗುತ್ತಿದ್ದ ಫ್ಯಾನನ್ನು ಬಿಸಾಡಿದರು. ಯಾವತ್ತೋ ಬಿಸಾಡಬೇಕಿದ್ದ ಸಾಕೆಟ್ಟನ್ನು ಟೇಪ್ ಸುತ್ತಿ ಉಳಿಸಿಕೊಂಡರು. ಇದು ಆ ಅಜ್ಜಿಯ ಮನೆಯ ಕಥೆ ಮಾತ್ರ ಅಲ್ಲ. ನಿಟುವಳ್ಳಿಯಲ್ಲೂ ಇದೇ, ಪಿ.ಜೆ. ಬಡಾವಣೆಯಲ್ಲೂ ಇದೇ, ಕಾಲೇಜು ಹುಡುಗರು ಬಾಡಿಗೆಗಿರುವ ರೂಮುಗಳಲ್ಲಂತೂ ಕೇಳಲೇಬೇಡಿ. ರಿಪೇರಿ ಮಾಡಬೇಕಾದ್ದನ್ನು ಬದಲಾಯಿಸುತ್ತೇವೆ. ಬದಲಾಯಿಸಬೇಕಾದ್ದನ್ನು ರಿಪೇರಿ ಮಾಡುತ್ತೇವೆ. ಯಾಕೆ ಹೀಗೆ ಅಂತ ನಾನು ತುಂಬಾ ಯೋಚನೆ ಮಾಡಿದ್ದೇನೆ. ಫ್ಯಾನು ಕಣ್ಣಿಗೆ ಕಾಣುತ್ತದೆ, ಮನೆಗೆ ಬಂದವರೂ ನೋಡುತ್ತಾರೆ. ಗೀಸರಿನ ಸಾಕೆಟ್ಟು ಬಚ್ಚಲ ಬಾಗಿಲ ಹಿಂದೆ ಇರುತ್ತದೆ.

ಈ ಸಾಕೆಟ್ಟಿನ ವಿಷಯ ನನಗೆ ಬೇರೆಯವರಿಂದ ಕೇಳಿ ಗೊತ್ತಾದದ್ದಲ್ಲ. ನಾವು ಬಾಡಿಗೆ ಮನೆಯಲ್ಲಿದ್ದಾಗ ಬಚ್ಚಲ ಬೋರ್ಡಿನಿಂದ ಆಗಾಗ ಚಿಟಿಚಿಟಿ ಸದ್ದು ಬರುತ್ತಿತ್ತು. ಮನೆ ಮಾಲೀಕರಿಗೆ ಹೇಳಿದೆವು. ಅವರು ಯಾರನ್ನೋ ಕಳಿಸಿದರು. ಬಂದವನು ಸ್ಕ್ರೂ ತಿರುಗಿಸಿ, ವೈರಿಗೆ ಟೇಪ್ ಸುತ್ತಿ ಹೋದ. ಮತ್ತೆ ಹೇಳಿದರೆ, 'ಬೋರ್ಡ್ ಬದಲಾಯಿಸಬೇಕು ಅಂದರೆ ನೀವೇ ಹಾಕಿಸಿಕೊಳ್ಳಿ' ಅಂದರು. ಬಾಡಿಗೆ ಮನೆಗೆ ನಾವ್ಯಾಕೆ ಖರ್ಚು ಮಾಡಬೇಕು ಅಂತ ನಾವೂ ಬಿಟ್ಟೆವು. ಒಂದು ಬೆಳಗ್ಗೆ ಅಮ್ಮ ಗೀಸರ್ ಹಾಕಿ ಅಡುಗೆಮನೆಗೆ ಹೋಗಿದ್ದರು. ಕೊಳೆತ ಮೀನಿನ ಹಾಗೆ ಒಂದು ವಾಸನೆ ಬಂತು. ನಮ್ಮ ಮನೆಯಲ್ಲಿ ಮೀನು ಮಾಡುವುದೇ ಇಲ್ಲ. ಓಡಿ ಹೋಗಿ ನೋಡಿದರೆ ಬೋರ್ಡಿನ ಮೇಲೆ ಅಂಗೈ ಅಗಲದ ಕಪ್ಪು ಕಲೆ. ಸಾಕೆಟ್ಟಿನೊಳಗೆ ಕೆಂಡದ ಬಣ್ಣ ಕಾಣುತ್ತಿತ್ತು. ಅಪ್ಪ ಮೇನ್ ಇಳಿಸಿದರು. ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು, ಮಾತ್ರ ತಾನಾಗಿ ಬಿದ್ದಿರಲಿಲ್ಲ.

'ಎಂಸಿಬಿ ಯಾಕಪ್ಪಾ ಬೀಳಲಿಲ್ಲ?' ಅಂತ ಕೇಳಿದೆ. ಅಪ್ಪ ಅವತ್ತು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ದಯವಿಟ್ಟು ಲೆಕ್ಕ ಅಂತ ಬಿಟ್ಟು ಮುಂದೆ ಹೋಗಬೇಡಿ.

ಗೀಸರ್ 2000 ವ್ಯಾಟಿನದು. ಮನೆಗೆ ಬರುವ ಕರೆಂಟು 230 ವೋಲ್ಟ್. ಭಾಗಿಸಿದರೆ ಗೀಸರ್ ಎಳೆಯುವುದು 8.7 ಆಂಪಿಯರ್. ಗೀಸರಿಗೆ ಹಾಕಿರುವ ಎಂಸಿಬಿ 16 ಆಂಪಿಯರಿನದು. ಅದಕ್ಕೆ ಗೊತ್ತಾಗುವುದು ವೈರಿನಲ್ಲಿ ಮಿತಿಗಿಂತ ಜಾಸ್ತಿ ಕರೆಂಟು ಹರಿದರೆ ಮಾತ್ರ. ಈಗ ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿದೆ ಅಂದುಕೊಳ್ಳಿ. ಪಿನ್ನನ್ನು ಅದು ಗಟ್ಟಿಯಾಗಿ ಹಿಡಿಯುತ್ತಿಲ್ಲ, ಯಾವುದೋ ಒಂದು ಮೂಲೆಯಲ್ಲಿ ತಾಗಿದೆ ಅಷ್ಟೆ. ಆ ಜಾಗದಲ್ಲಿ ಅರ್ಧ ಓಮ್ ಅಡ್ಡಿ ಹುಟ್ಟಿಕೊಂಡರೂ ಸಾಕು, ಅಲ್ಲಿ 35 ವ್ಯಾಟಿಗಿಂತ ಜಾಸ್ತಿ ಶಾಖ ಉಕ್ಕುತ್ತದೆ. ನನ್ನ ಬೆಸುಗೆ ಕಡ್ಡಿ 25 ವ್ಯಾಟಿನದು. ಅದು ಬೆಸುಗೆ ಸೀಸವನ್ನು ಕರಗಿಸಿ ನೀರು ಮಾಡುತ್ತದೆ, ಅಂದರೆ 183 ಡಿಗ್ರಿ ದಾಟುತ್ತದೆ. ಮನೆ ವೈರಿನ ಮೇಲಿನ ಪಿವಿಸಿ ಹೊದಿಕೆ ತಡೆಯುವುದು 70 ಡಿಗ್ರಿವರೆಗೆ. ಜೋಳದ ಕಾಳಿನಷ್ಟು ಜಾಗದಲ್ಲಿ ಬೆಸುಗೆ ಕಡ್ಡಿಗಿಂತ ಜೋರಾದ ಬಿಸಿ, ಅದೂ ದಿನಾ ಬೆಳಗ್ಗೆ ಅರ್ಧ ಗಂಟೆ. ಅಷ್ಟಾದರೂ ನೀರು ಎಂದಿನಂತೆ ಕಾಯುತ್ತದೆ. ಎಂಸಿಬಿಗೆ ಏನೂ ತಿಳಿಯುವುದಿಲ್ಲ. ಅಡ್ಡಿ ಬಂದದ್ದರಿಂದ ಕರೆಂಟು ಒಂದು ಚೂರು ಕಡಿಮೆಯೇ ಆಗಿರುತ್ತದೆ.

ಆರ್‌ಸಿಸಿಬಿ ಹಾಕಿಸಿದ್ದೇವಲ್ಲ ಅನ್ನುವವರಿದ್ದಾರೆ. ಹಾಕಿಸಿ, ಖಂಡಿತ ಹಾಕಿಸಿ. 30 ಮಿಲಿ ಆಂಪಿಯರಿನದು ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಕರೆಂಟು ದಾರಿ ತಪ್ಪಿ ಮನುಷ್ಯನ ಮೈಯಿಂದ ನೆಲಕ್ಕೆ ಹೋದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸುತ್ತದೆ. ಜೀವ ಉಳಿಸುವ ಸಾಮಾನು ಅದು. ಆದರೆ ಸಡಿಲ ಸಾಕೆಟ್ಟಿನಲ್ಲಿ ಕರೆಂಟು ದಾರಿ ತಪ್ಪಿರುವುದಿಲ್ಲ. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್ಲಿನಲ್ಲಿ ವಾಪಸ್ ಬರುತ್ತಲೇ ಇರುತ್ತದೆ. ಆದ್ದರಿಂದ ಆರ್‌ಸಿಸಿಬಿಗೂ ಅದು ಕಾಣುವುದಿಲ್ಲ. ಸಡಿಲ ಕಾಂಟ್ಯಾಕ್ಟನ್ನು ಕಂಡುಹಿಡಿಯಬೇಕಾದವರು ಮನೆಯವರೇ. ಬೋರ್ಡಿನ ಪ್ಲಾಸ್ಟಿಕ್ಕು ಹಳದಿ ತಿರುಗಿದೆಯಾ, ಕಂದಾಗಿದೆಯಾ ನೋಡಿ. ಸದ್ದಿದೆಯಾ, ವಾಸನೆ ಇದೆಯಾ ಗಮನಿಸಿ. ಗೀಸರ್ ಆಫ್ ಮಾಡಿ ಪಿನ್ನು ತೆಗೆದ ಮೇಲೆ ಟಾಪಿನ ಪ್ಲಾಸ್ಟಿಕ್ಕನ್ನು ಒಣಗಿದ ಕೈಯಿಂದ ಮುಟ್ಟಿ. ಬೆಚ್ಚಗಿದ್ದರೆ ಸರಿ. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ ಇದ್ದರೆ ಮತ್ತೆ ಹಾಕಬೇಡಿ, ವೈರ್‌ಮನ್ ಕರೆಸಿ.

ಸ್ಕ್ರೂ ಟೈಟ್ ಮಾಡಿದರೆ ಸಾಕಲ್ವಾ ಅಂತ ಬಹಳ ಜನ ಕೇಳುತ್ತಾರೆ. ಸಾಕೆಟ್ಟಿನ ಹಿಂಬದಿಯಲ್ಲಿ ವೈರ್ ಹಿಡಿಯುವ ಸ್ಕ್ರೂ ಮಾತ್ರ ಸಡಿಲವಾಗಿ, ಇನ್ನೂ ಏನೂ ಕಪ್ಪಾಗಿಲ್ಲದಿದ್ದರೆ ಸಾಕು. ಒಮ್ಮೆ ಕಾದು ಕಪ್ಪಾದ ಮೇಲೆ ಸಾಕಾಗುವುದಿಲ್ಲ. ಹಿತ್ತಾಳೆ ಪಟ್ಟಿಯ ಬಿಗಿ ಅದರ ಸ್ಪ್ರಿಂಗ್ ಗುಣದಲ್ಲಿದೆ. ಜಾಸ್ತಿ ಕಾದರೆ ಆ ಗುಣ ಹೋಗುತ್ತದೆ, ಲೋಹ ಮೆತ್ತಗಾಗುತ್ತದೆ. ಸ್ಕ್ರೂಡ್ರೈವರಿನಿಂದ ಬಗ್ಗಿಸಿ ಒತ್ತಿದರೆ ನಾಲ್ಕು ದಿನ ಹಿಡಿದುಕೊಳ್ಳುತ್ತದೆ, ಆಮೇಲೆ ಮೊದಲಿಗಿಂತ ಸಡಿಲ. ಸ್ವಿಚ್ಚಿನದ್ದೂ ಇದೇ ಕಥೆ. ಪ್ರತಿ ಸಲ ಆಫ್ ಮಾಡುವಾಗ ಒಳಗೆ ಸಣ್ಣ ಕಿಡಿ ಹಾರುತ್ತದೆ. ಆ ಕಿಡಿ ಕಾಂಟ್ಯಾಕ್ಟಿನ ತುದಿಯನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ, ಗುಳಿ ಬೀಳುತ್ತದೆ. ಅದನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ಹಾಕುವ ಕೆಲಸವನ್ನು ನಾನೂ ಹಿಂದೆ ಮಾಡಿದ್ದೇನೆ. ಈಗ ಮಾಡುವುದಿಲ್ಲ, ಯಾರು ಕೇಳಿದರೂ ಮಾಡುವುದಿಲ್ಲ. ಸ್ವಿಚ್ಚು, ಸಾಕೆಟ್ಟು, ಬಲ್ಬ್ ಹೋಲ್ಡರು, ತ್ರೀ ಪಿನ್ ಟಾಪು, ಎಂಸಿಬಿ, ಇವು ಸವೆದರೆ ಹೊಸದೇ ಆಗಬೇಕು. ಐಎಸ್‌ಐ ಗುರುತಿರುವ 16 ಆಂಪಿಯರಿನ ಸ್ವಿಚ್ಚು ಸಾಕೆಟ್ಟು ಎರಡೂ ಸೇರಿ, ಅಜ್ಜಿಯ ಮಗ ಹೊಸ ಫ್ಯಾನಿಗೆ ಕೊಟ್ಟ ದುಡ್ಡಿನ ಕಾಲು ಭಾಗವೂ ಆಗುವುದಿಲ್ಲ.

ನೀರು ಕಾಯಿಸುವ ಕಾಯಿಲ್ ಹೀಟರನ್ನೂ ಇದಕ್ಕೇ ಸೇರಿಸಿ. ಬಕೆಟ್ಟಿಗೆ ಇಳಿಬಿಡುತ್ತೇವಲ್ಲ, ಅದು. ಅದರ ಕೊಳವೆ ಸೀಳಿ ಒಳಗೆ ನೀರು ಹೋದರೆ ಅದಕ್ಕೆ ರಿಪೇರಿ ಅನ್ನುವುದೇ ಇಲ್ಲ. ಎಂ-ಸೀಲ್ ಮೆತ್ತಿಕೊಂಡು ತಂದವರನ್ನು ನೋಡಿದ್ದೇನೆ. ಅಂಥದ್ದನ್ನು ನಾನು ವಾಪಸ್ ಕೊಡುವುದಿಲ್ಲ. ಜಗಳ ಆದರೂ ಸರಿ, ವೈರ್ ಕತ್ತರಿಸಿಯೇ ಕಳಿಸುತ್ತೇನೆ. ಇಸ್ತ್ರಿ ಪೆಟ್ಟಿಗೆಯ ವೈರು ಕುತ್ತಿಗೆ ಹತ್ತಿರ ಕಿತ್ತರೆ ಪೂರ್ತಿ ವೈರ್ ಬದಲಾಯಿಸಬೇಕು, ಗಂಟು ಹಾಕಿ ಟೇಪ್ ಸುತ್ತಬಾರದು. ಟಾಪ್ ಇಲ್ಲದ ವೈರಿನ ತುದಿ ಕಿತ್ತು, ಬೆಂಕಿಕಡ್ಡಿ ಸಿಕ್ಕಿಸಿ ಪ್ಲಗ್ಗಿನ ತೂತಿಗೆ ತುರುಕುವುದು ಈ ಊರಿನಲ್ಲಿ ಇನ್ನೂ ನಿಂತಿಲ್ಲ. ಮಕ್ಕಳಿರುವ ಮನೆಗಳಲ್ಲೇ ನೋಡಿದ್ದೇನೆ. ಬರೆಯುವಾಗಲೇ ಮೈ ಜುಮ್ ಅನ್ನುತ್ತದೆ.

ಇನ್ನು ಫ್ಯಾನಿಗೆ ಬರುತ್ತೇನೆ. ಸೀಲಿಂಗ್ ಫ್ಯಾನಿನಂಥ ಸರಳ, ಗಟ್ಟಿ ಸಾಮಾನು ಮನೆಯಲ್ಲಿ ಇನ್ನೊಂದಿಲ್ಲ. ಅಪ್ಪ ಸುತ್ತಿದ ಫ್ಯಾನುಗಳು ಈಗಲೂ ಎಷ್ಟೋ ಮನೆಗಳಲ್ಲಿ ತಿರುಗುತ್ತಿವೆ. ಅದರೊಳಗೆ ತಾಮ್ರದ ಎರಡು ವೈಂಡಿಂಗು, ಎರಡು ಬೇರಿಂಗು, ಒಂದು ಕಂಡೆನ್ಸರ್ ಇರುತ್ತವೆ. ಒಂದು ವೈಂಡಿಂಗಿಗೆ ನೇರ ಕರೆಂಟು ಹೋಗುತ್ತದೆ. ಇನ್ನೊಂದಕ್ಕೆ ಕಂಡೆನ್ಸರ್ ಮೂಲಕ, ಒಂದು ಹೆಜ್ಜೆ ಹಿಂದೆ ಮುಂದೆ ಮಾಡಿ ಕೊಡುತ್ತಾರೆ. ಈ ಹೆಜ್ಜೆಯ ವ್ಯತ್ಯಾಸದಿಂದಲೇ ಫ್ಯಾನು ಒಂದು ದಿಕ್ಕಿಗೆ ತಿರುಗಲು ಶುರು ಮಾಡುವುದು. ಕಂಡೆನ್ಸರ್ ಸಾಮಾನ್ಯವಾಗಿ 2.5 ಮೈಕ್ರೋ ಫ್ಯಾರಡಿನದು. ಬಿಸಿಲು ಕಂಡ ಹಾಗೆಲ್ಲ, ವರ್ಷ ಕಳೆದ ಹಾಗೆಲ್ಲ ಅದರ ಶಕ್ತಿ ಕುಗ್ಗುತ್ತಾ ಬರುತ್ತದೆ. ಎರಡೂವರೆ ಇದ್ದದ್ದು ಒಂದೂವರೆಗೆ ಇಳಿದರೆ ಫ್ಯಾನು ಫುಲ್ ಇಟ್ಟರೂ ಎರಡನೇ ನಂಬರಿನ ಹಾಗೆ ತಿರುಗುತ್ತದೆ. ಪೂರ್ತಿ ಹೋದರೆ ಗುಂಯ್ ಅನ್ನುತ್ತದೆ, ತಿರುಗಲ್ಲ. ಜನ ಆಗ ಮೋಟರೇ ಹೋಯ್ತು ಅಂದುಕೊಳ್ಳುತ್ತಾರೆ.

ಕಂಡುಹಿಡಿಯುವುದು ಕಷ್ಟ ಏನಲ್ಲ. ಸ್ವಿಚ್ ಆಫ್ ಮಾಡಿ, ಸ್ಟೂಲ್ ಹತ್ತಿ, ರೆಕ್ಕೆಯನ್ನು ಬೆರಳಿನಿಂದ ತಳ್ಳಿ. ಹಗುರವಾಗಿ ನಾಲ್ಕಾರು ಸುತ್ತು ತಿರುಗಿದರೆ ಬೇರಿಂಗ್ ಚೆನ್ನಾಗಿದೆ. ಕೆಳಗಿಳಿದು ಸ್ವಿಚ್ ಹಾಕಿದಾಗ ಗುಂಯ್ ಅಂದು ನಿಂತರೆ ಬಹಳ ಸಲ ಕಂಡೆನ್ಸರೇ ಕಾರಣ. ತಳ್ಳಿದಾಗ ಗರಗರ ಅಂದರೆ, ಬಿಗಿಯಾಗಿದ್ದರೆ ಬೇರಿಂಗ್. ಹೆಚ್ಚಿನ ಫ್ಯಾನುಗಳಿಗೆ 6201 ಮತ್ತು 6202 ನಂಬರಿನ ಬೇರಿಂಗ್ ಕೂರುತ್ತವೆ, ಮಂಡಿಪೇಟೆ ಕಡೆ ಹೋದರೆ ಸಿಗುತ್ತವೆ. ಸುಟ್ಟ ವಾಸನೆ ಬಂದು ಪೂರ್ತಿ ಸತ್ತಂತಿದ್ದರೆ ಮಾತ್ರ ವೈಂಡಿಂಗ್ ಹೋಗಿದೆ ಅನ್ನಬಹುದು. ಅದನ್ನೂ ಸುತ್ತಬಹುದು. ನನಗೆ ಒಂದು ಫ್ಯಾನ್ ಸುತ್ತಲು ಅರ್ಧ ದಿನ ಸಾಕು.

ಫ್ಯಾನಿನಲ್ಲೂ ಬದಲಾಯಿಸಲೇಬೇಕಾದದ್ದು ಒಂದಿದೆ. ಮೇಲೆ ಕೊಕ್ಕೆಗೆ ಸಿಕ್ಕಿಸಿರುವ ರಬ್ಬರ್ ಬುಶ್ಶು ಮತ್ತು ಬೋಲ್ಟಿಗೆ ಹಾಕುವ ಸಣ್ಣ ಪಿನ್ನು. ಬುಶ್ಶು ಸವೆದರೆ, ಪಿನ್ನು ತುಕ್ಕು ಹಿಡಿದರೆ ಫ್ಯಾನು ತಲೆ ಮೇಲೆ ಬೀಳಬಹುದು. ಎರಡೂ ಸೇರಿ ಎರಡು ಟೀ ದುಡ್ಡಾಗುತ್ತದೆ. ಫ್ಯಾನ್ ಇಳಿಸಿದಾಗಲೆಲ್ಲ ಕೇಳಿ ಹಾಕಿಸಿಕೊಳ್ಳಿ.

ಮಿಕ್ಸಿಯದ್ದೂ ಹೀಗೇ. ಕಾರ್ಬನ್ ಬ್ರಷ್ ಸವೆದಿರುತ್ತದೆ, ಅಥವಾ ಜಾರಿನ ಕೆಳಗಿನ ಕಪ್ಲರ್ ಹರಿದಿರುತ್ತದೆ. ಗೀಸರಿನ ಕಾಯಿಲಿಗೆ ಈ ಕಡೆಯ ಬೋರ್‌ವೆಲ್ ನೀರೇ ಶತ್ರು. ಗಡಸು ನೀರಿನ ಸುಣ್ಣ ಕಾಯಿಲಿನ ಮೇಲೆ ಪದರ ಪದರವಾಗಿ ಕೂರುತ್ತದೆ. ಒಳಗಿನ ಬಿಸಿ ನೀರಿಗೆ ಇಳಿಯದೆ ಕಾಯಿಲ್ ತನ್ನನ್ನೇ ಸುಟ್ಟುಕೊಳ್ಳುತ್ತದೆ. ಆಗ ಕಾಯಿಲ್ ಬದಲಾಯಿಸಿದರೆ ಸಾಕು, ಟ್ಯಾಂಕು ತೂತಾಗಿಲ್ಲ ಅಂದರೆ ಗೀಸರ್ ಬಿಸಾಡಬೇಕಿಲ್ಲ.

ಹೊಸದನ್ನು ಕೊಳ್ಳಲೇಬೇಡಿ ಅಂತ ನಾನು ಹೇಳುತ್ತಿಲ್ಲ. ನನ್ನ ಹೊಟ್ಟೆಪಾಡಿನ ಮಾತು ಇದು ಅಂತಲೂ ತಿಳಿಯಬೇಡಿ. ಹಳೆ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ. ಈಗಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ 12 ಗಂಟೆಯಂತೆ ವರ್ಷದಲ್ಲಿ 300 ದಿನ ತಿರುಗಿದರೆ 160 ಯೂನಿಟ್ ಉಳಿಯುತ್ತದೆ. ಅಂಗಡಿ, ಹೋಟೆಲು, ಹಾಸ್ಟೆಲು ನಡೆಸುವವರಿಗೆ, ಇಡೀ ದಿನ ಫ್ಯಾನ್ ಓಡುವ ಕಡೆ ಇದು ಒಳ್ಳೆ ಲೆಕ್ಕ. ಆದರೆ ವರ್ಷಕ್ಕೆ ನಾಲ್ಕು ತಿಂಗಳು, ರಾತ್ರಿ ಮಾತ್ರ ತಿರುಗುವ ಕೋಣೆಯ ಫ್ಯಾನಿಗೆ ಆ ಲೆಕ್ಕ ಕೂರುವುದಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗೆ ಸೊನ್ನೆ ಬಿಲ್ಲು ಬರುತ್ತದೆ. ಅಂಥ ಮನೆಯಲ್ಲಿ ಕಂಡೆನ್ಸರ್ ಹೋಯಿತು ಅಂತ ಎರಡೂವರೆ ಮೂರು ಸಾವಿರ ಕೊಟ್ಟರೆ ಆ ದುಡ್ಡು ಬಿಲ್ಲಿನಲ್ಲಿ ವಾಪಸ್ ಬರುವುದಿಲ್ಲ. ಇನ್ನೊಂದು ಮಾತು. ಬಿಎಲ್‌ಡಿಸಿ ಫ್ಯಾನಿನೊಳಗೆ ಸರ್ಕ್ಯೂಟ್ ಬೋರ್ಡ್ ಇರುತ್ತದೆ. ಅದು ಹೋದರೆ ನಾನು ತಾಮ್ರ ಸುತ್ತಿ ಸರಿಮಾಡಲಾರೆ. ಅದೇ ಕಂಪನಿಯ ಅದೇ ಬೋರ್ಡೇ ಬೇಕು. ಒಂದು ಸರ್ವಿಸ್ ಸೆಂಟರಿಗೆ ನಾನೇ ಮೂರು ಸಲ ಅಲೆದೆ. 'ಆ ಮಾಡೆಲ್ ನಿಂತಿದೆ ಮೇಡಂ, ಹೊಸದೇ ತಗೊಳ್ಳಿ' ಅಂದರು. ಕೊಂಡು ನಾಲ್ಕು ವರ್ಷವೂ ಆಗಿರಲಿಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕು ಅಂತ ಒಂದು ಪೋರ್ಟಲ್ ಮಾಡಿದೆ. ಕಂಪನಿಗಳು ರಿಪೇರಿಯ ವಿವರವನ್ನು ಅಲ್ಲಿ ಜನರ ಮುಂದೆ ಇಡಲಿ ಅನ್ನುವುದು ಅದರ ಉದ್ದೇಶ. ನನಗೆ ಬೇಕಾದದ್ದು ಆ ಹಕ್ಕಿನ ಜೊತೆಗೆ ಬಿಡಿಭಾಗ, ಅದೂ ನನ್ನಂಥ ಸಣ್ಣ ಅಂಗಡಿಗೆ ಸಿಗುವ ಹಾಗೆ.

ಎಲ್‌ಇಡಿ ಬಲ್ಬನ್ನು ನಾನು ರಿಪೇರಿ ಮಾಡುವುದಿಲ್ಲ. ಸತ್ತ ಒಂದು ಚುಕ್ಕಿಯನ್ನು ಬೆಸುಗೆ ಹಾಕಿ ದಾಟಿಸಿದರೆ ಬಲ್ಬು ಉರಿಯುತ್ತದೆ, ನಿಜ. ಆದರೆ ಉಳಿದ ಚುಕ್ಕಿಗಳೂ ಬಹಳ ಸಲ ಬೇಗ ಹೋಗುತ್ತವೆ. ಅದನ್ನು ಮನೆಯಲ್ಲಿ ಬಿಚ್ಚಿಕೊಂಡು ಕೂರುವುದೂ ಅಪಾಯ.

ಈಗ ನಿಮ್ಮಲ್ಲಿ ಕೇಳಿಕೊಳ್ಳುವ ಮಾತಿಗೆ ಬರುತ್ತೇನೆ.

ಬೆಸ್ಕಾಂನ ಸಾಹೇಬರೇ, ಮೀಟರಿನವರೆಗೆ ನಿಮ್ಮದು, ಅಲ್ಲಿಂದ ಒಳಗೆ ಮನೆಯವರದು. ಗೊತ್ತಿದೆ. ಹೊಸ ಮೀಟರ್ ಕೊಡುವಾಗ ವೈರಿಂಗ್ ಸರಿಯಿದೆ ಅಂತ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಸಹಿ ಹಾಕಿದ ಕಾಗದ ತೆಗೆದುಕೊಳ್ಳುತ್ತೀರಿ. ಒಳ್ಳೆಯದೇ. ಆ ಸಹಿ ಆಗಿ ನಲವತ್ತು ವರ್ಷವಾದ ಮನೆಗಳು ಹಳೇ ಊರಿನಲ್ಲಿ ಸಾಲುಸಾಲಾಗಿವೆ. ಮರದ ಪಟ್ಟಿ ಮೇಲೆ ಎಳೆದ ವೈರು, ಅಲ್ಯೂಮಿನಿಯಂ ತಂತಿ, ಪಿಂಗಾಣಿ ಫ್ಯೂಸಿಗೆ ದಪ್ಪ ತಾಮ್ರದ ಎಳೆ ಹಾಕಿರುವುದು, ಎಲ್ಲ ಹಾಗೇ ಇವೆ. ಒಂದೇ ಟ್ಯೂಬ್ ಲೈಟು, ಒಂದು ರೇಡಿಯೋ ಇದ್ದ ಕಾಲದ ವೈರಿನ ಮೇಲೆ ಈಗ ಗೀಸರು, ಮಿಕ್ಸಿ, ಫ್ರಿಜ್ಜು, ಇಂಡಕ್ಷನ್ ಒಲೆ ಕೂತಿವೆ. ಬಿಲ್ ಕೊಡಲು ನಿಮ್ಮ ಹುಡುಗರು ತಿಂಗಳಿಗೊಮ್ಮೆ ಪ್ರತಿ ಮನೆ ಬಾಗಿಲಿಗೆ ಹೋಗುತ್ತಾರೆ. ಆ ಬಿಲ್ಲಿನ ಕೆಳಗೆ ಎರಡು ಸಾಲು ಅಚ್ಚು ಹಾಕಿಸಿ: 'ಸಾಕೆಟ್ ಕಪ್ಪಾಗಿದ್ದರೆ ಬಳಸಬೇಡಿ, ಬದಲಾಯಿಸಿ.' ಕಂಬದಲ್ಲಿ ಕಿಡಿ ಕಂಡರೆ 1912ಕ್ಕೆ ಫೋನ್ ಮಾಡಬೇಕು ಅಂತ ಜನಕ್ಕೆ ಈಗ ಗೊತ್ತು. ಗೋಡೆಯೊಳಗಿನ ಕಿಡಿಗೆ ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲ. ವರ್ಷಕ್ಕೊಂದು ಸಲ, ಬೇಸಿಗೆಗೆ ಮೊದಲು, ಒಂದೊಂದು ವಾರ್ಡಿನಲ್ಲಿ ಒಂದು ದಿನ ಕ್ಯಾಂಪ್ ಮಾಡಿ. ಐಟಿಐ ಎಲೆಕ್ಟ್ರಿಷಿಯನ್ ಹುಡುಗರನ್ನು ಅವರ ಮೇಷ್ಟ್ರ ಜೊತೆ ಕರೆಸಿ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತ್ ಇದೆಯಾ, ಸ್ವಿಚ್ಚು ಫೇಸನ್ನೇ ಕತ್ತರಿಸುತ್ತಿದೆಯಾ ಅಂತ ನೋಡಿ ಹೇಳಿದರೂ ಸಾಕು. ಹಳೆ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ಲಿಗೆ ಹಾಕಿರುವುದು ಎಷ್ಟೋ ಸಲ ಸಿಕ್ಕಿದೆ. ಅಂಥ ಮನೆಯಲ್ಲಿ ಲೈಟ್ ಆರಿದ್ದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ. ಬಲ್ಬ್ ಬದಲಾಯಿಸಲು ಕೈ ಹಾಕಿದವರಿಗೆ ಹೊಡೆಯುತ್ತದೆ.

ಅರ್ತಿನ ವಿಷಯ ನಮ್ಮ ಊರಿಗೆ, ಪಕ್ಕದ ಚಿತ್ರದುರ್ಗಕ್ಕೆ ಜಾಸ್ತಿ ಮುಖ್ಯ. ಏಪ್ರಿಲ್ ಬಂತೆಂದರೆ ಮಣ್ಣು ಕಲ್ಲಾಗುತ್ತದೆ. ಉಪ್ಪು ಇದ್ದಿಲು ಹಾಕಿ ಹೂತ ಪೈಪಿನ ಸುತ್ತ ತೇವವೇ ಇಲ್ಲದಿದ್ದರೆ ಅರ್ತ್ ಇದ್ದೂ ಇಲ್ಲದ ಹಾಗೆ. ವಾರಕ್ಕೆ ಎರಡು ಬಿಂದಿಗೆ ನೀರು ಹಾಕಿ. ಬಟ್ಟೆ ತೊಳೆದು ಉಳಿದ ನೀರಾದರೂ ನಡೆಯುತ್ತದೆ.

ಆಯುಕ್ತರೇ, ಪಾಲಿಕೆಯ ಕಸದ ಗಾಡಿಗೆ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುತ್ತೇವೆ. ಕೆಟ್ಟ ಬಲ್ಬು, ಸುಟ್ಟ ಸ್ವಿಚ್ಚು, ಹಳೆ ವೈರು, ರಿಮೋಟು ಇವೆಲ್ಲ ಎಲ್ಲಿಗೆ ಹೋಗಬೇಕು? ಇ-ತ್ಯಾಜ್ಯಕ್ಕೆ ಅಂತ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನನ್ನ ಓಣಿಯಲ್ಲಿ ಮಾತ್ರ ಅವು ಒಣ ಕಸದ ಚೀಲದಲ್ಲೇ ಬೀಳುತ್ತವೆ. ತಾಮ್ರ ಇರುವುದು ಗುಜರಿಗೆ ಹೋಗುತ್ತದೆ. ವೈರಿನ ಸಿಪ್ಪೆ ಬಿಡಿಸಲು ಹೊತ್ತಿಲ್ಲದವರು ರಾಶಿ ಹಾಕಿ ಬೆಂಕಿ ಇಡುತ್ತಾರೆ. ಆ ಕಪ್ಪು ಹೊಗೆ ಕುಡಿಯುವವರು ಅಲ್ಲೇ ಪಕ್ಕದಲ್ಲಿರುವ ಬಡವರ ಮಕ್ಕಳು. ತಿಂಗಳಿಗೆ ಒಂದು ದಿನ, ಅದೇ ಗಾಡಿಯಲ್ಲಿ ಒಂದು ಬೇರೆ ಡಬ್ಬ ಇಡಿಸಿ. ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ 2016ರಲ್ಲೇ ನಮ್ಮ ಹೆಸರು ಬಂದಾಗ ಎಷ್ಟು ಸಂತೋಷಪಟ್ಟಿದ್ದೆವು. ಒಂದು ಡಬ್ಬ ಅಂಥ ಊರಿಗೆ ದೊಡ್ಡದಲ್ಲ. ಇನ್ನೊಂದು ಕೋರಿಕೆ. ಫುಟ್‌ಪಾತ್ ತೆರವು ಮಾಡುವಾಗ ಒಂದು ಟೇಬಲ್ ಹಾಕಿಕೊಂಡು ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡುವವರನ್ನೂ ಎಬ್ಬಿಸುತ್ತೀರಿ. ಅವರಿಗೆ ಮಾರ್ಕೆಟ್ ಹತ್ತಿರ ಒಂದು ಸಾಲು ಜಾಗ ಗುರುತು ಮಾಡಿಕೊಡಿ. ರಿಪೇರಿ ಮಾಡುವವರು ಕಣ್ಣೆದುರಿಗೆ ಇದ್ದರೆ ಜನ ರಿಪೇರಿ ಮಾಡಿಸುತ್ತಾರೆ. ಇಲ್ಲದಿದ್ದರೆ ಫೋನಿನಲ್ಲಿ ಹೊಸದು ತರಿಸುತ್ತಾರೆ.

ಮನೆ ಮಾಲೀಕರೇ, ನಿಮ್ಮ ಮೇಲೆ ನನಗೆ ಕೋಪ ಇದೆ, ಮುಚ್ಚಿಡುವುದಿಲ್ಲ. ಬಾಡಿಗೆದಾರರು ಬದಲಾಗುವಾಗ ಗೋಡೆಗೆ ಸುಣ್ಣ ಬಣ್ಣ ಹೊಡೆಸುತ್ತೀರಿ. ಬೋರ್ಡಿನ ಮೇಲೂ ಬಣ್ಣ ಹೊಡೆಯುತ್ತಾರೆ, ಸುಟ್ಟ ಗುರುತು ಅದರಡಿ ಮುಚ್ಚಿಹೋಗುತ್ತದೆ. ಹೊಸದಾಗಿ ಬಂದ ಸಂಸಾರ ಅದೇ ಸಾಕೆಟ್ಟಿಗೆ ತಮ್ಮ ಗೀಸರ್ ಸಿಕ್ಕಿಸುತ್ತದೆ. ಬಣ್ಣ ಹೊಡೆಸುವ ಮುಂಚೆ ಒಬ್ಬ ವೈರ್‌ಮನ್ ಕರೆಸಿ ಬಚ್ಚಲು, ಅಡುಗೆಮನೆ ಬೋರ್ಡು ಬಿಚ್ಚಿಸಿ ನೋಡಿ. ಒಂದು ದಿನದ ಕೂಲಿ, ನಾಲ್ಕು ಸಾಕೆಟ್ಟು, ಅಷ್ಟೇ. ಗೀಸರಿಗೆ 6 ಆಂಪಿಯರಿನ ಪ್ಲಗ್ಗು ಕೊಟ್ಟು ಕನ್ವರ್ಟರ್ ಹಾಕಿಕೊಳ್ಳಿ ಅನ್ನಬೇಡಿ. ಆ ಸಾಕೆಟ್ಟು ಅಷ್ಟು ಕರೆಂಟಿಗೆ ಮಾಡಿದ್ದೇ ಅಲ್ಲ.

ನಮ್ಮ ಜನರಿಗೆ ನಾನು ಹೇಳುವುದು ಒಂದೇ. ಅಂಗಡಿಗೆ ಬಂದು ಕೇಳಿ. ಫ್ಯಾನು ಇಳಿಸಿದರೆ ಗುಜರಿಗೆ ಹಾಕುವ ಮುಂಚೆ ನಿಮ್ಮ ಓಣಿಯ ವೈಂಡಿಂಗ್ ಅಂಗಡಿಯಲ್ಲಿ ತೋರಿಸಿ. ಸುತ್ತುವುದು ನಷ್ಟ ಅನ್ನಿಸಿದರೆ ಒಳ್ಳೆಯ ಮೆಕ್ಯಾನಿಕ್ ಬಾಯಿಬಿಟ್ಟು ಹೇಳುತ್ತಾನೆ.

ಆ ಅಜ್ಜಿಯ ಮನೆಗೆ ಮರುದಿನವೇ ಹೋಗಿದ್ದೆ. ಸಾಕೆಟ್ಟಿನ ಹಿಂದೆ ವೈರಿನ ಹೊದಿಕೆ ಒಂದು ಗೇಣು ಉದ್ದ ಸುಟ್ಟು ಪುಡಿಪುಡಿಯಾಗಿತ್ತು. ಮುಟ್ಟಿದರೆ ಉದುರುತ್ತಿತ್ತು. ವೈರನ್ನೂ ಬದಲಾಯಿಸಿ, ಹೊಸ ಬೋರ್ಡ್ ಕೂರಿಸಿ ಬಂದೆ. ಹಳೆ ಸಾಕೆಟ್ಟನ್ನು ತಂದು ನನ್ನ ಡಬ್ಬಿಗೆ ಹಾಕಿದ್ದೇನೆ. ಮೂರು ವರ್ಷದಿಂದ ಈ ಊರಿನ ಮನೆಗಳಿಂದ ಬಿಚ್ಚಿ ತಂದ ಸುಟ್ಟ ಸಾಕೆಟ್ಟುಗಳು ಅದರಲ್ಲಿವೆ. ದೊಡ್ಡ ಬಿಸ್ಕತ್ ಡಬ್ಬಿ, ಮುಚ್ಚಳ ಕೂರುತ್ತಿಲ್ಲ. ಆಯುಕ್ತರು, ಬೆಸ್ಕಾಂನವರು ಒಂದು ದಿನ ಕೊಟ್ಟರೆ ಆ ಡಬ್ಬಿ ಹಿಡಿದುಕೊಂಡು ನಿಮ್ಮ ಕಚೇರಿಗೆ ಬರುತ್ತೇನೆ. ಒಂದೊಂದನ್ನೂ ಮೇಜಿನ ಮೇಲಿಟ್ಟು, ಅದು ಯಾವ ಬಡಾವಣೆಯದು, ಎಷ್ಟು ದಿನ ಟೇಪ್ ಸುತ್ತಿಕೊಂಡಿತ್ತು ಅಂತ ಹೇಳುತ್ತೇನೆ.

ಯುಗಾದಿಯವರೆಗೆ ಪ್ರತಿ ಭಾನುವಾರ ಬೆಳಗ್ಗೆ ನನ್ನ ಅಂಗಡಿ ತೆರೆದಿರುತ್ತದೆ. ಯಾರಿಗೆ ಅನುಮಾನ ಇದೆಯೋ ಅವರು ಗೀಸರಿನ ಟಾಪನ್ನೋ, ಇಸ್ತ್ರಿ ವೈರನ್ನೋ ತಂದು ತೋರಿಸಿ. ನೋಡಿ ಹೇಳುವುದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ತರುವಾಗ ಮೇನ್ ಇಳಿಸಿ ಬಿಚ್ಚಿ. ಒಬ್ಬರೇ ಇದ್ದಾಗ ಬಿಚ್ಚಬೇಡಿ.

ಇಂತಿ ನಿಮ್ಮ,
ವೈಂಡಿಂಗ್ ಅಂಗಡಿಯ ಹೆಣ್ಣುಮಗಳು
ಹಳೇ ದಾವಣಗೆರೆ